ಬಾತ್‌ಟಬ್ ಅಂಚಿಗೆ ಹೊಸ ಸಿಲಿಕೋನ್: ಹೊರದೇಶಕ್ಕೆ ಹೊಸದಾಗಿ ಬಂದವರಿಗೆ

ಬಾತ್‌ಟಬ್ಬಿನ ಅಂಚು ಟೈಲ್ಸ್ ಗೋಡೆಗೆ ತಾಗುವ ಸಂದಿನಲ್ಲಿ ರಬ್ಬರಿನಂಥ ಪಟ್ಟಿಯೊಂದು ಇರುತ್ತದೆ. ಅದೇ ಸಿಲಿಕೋನ್. ಅದು ಅಲ್ಲಲ್ಲಿ ಎದ್ದಿದ್ದರೆ, ಬಿರುಕು ಬಿಟ್ಟಿದ್ದರೆ ನೋಡಿಯೂ ಸುಮ್ಮನಿರಬೇಡಿ. ಹೊರದೇಶಗಳ ಅನೇಕ ಮನೆಗಳಲ್ಲಿ ನೆಲ ಮರದ್ದು, ಟೈಲ್ಸ್ ಹಿಂದಿನ ಗೋಡೆ ಜಿಪ್ಸಂ ಹಲಗೆಯದು. ಸಂದಿನಿಂದ ಇಳಿದ ನೀರು ಒಳಗೊಳಗೇ ಅವೆರಡನ್ನೂ ಕೆಡಿಸುತ್ತದೆ. ಕೆಳಮನೆಯವರ ಚಾವಣಿಯಲ್ಲಿ ಕಲೆ ಮೂಡಿದ ಮೇಲೆಯೇ ಎಷ್ಟೋ ಜನರಿಗೆ ಗೊತ್ತಾಗುವುದು. ಬಾಡಿಗೆ ಮನೆಯಾಗಿದ್ದರೆ ಮೊದಲು ಫೋಟೊ ತೆಗೆದು ಮಾಲೀಕರಿಗೆ ಬರೆದು ತಿಳಿಸಿ. ಅವರೇ ಮಾಡಿಸಿಕೊಡಬಹುದು, ನೀವೇ ಮಾಡುವುದಾದರೆ ಅವರ ಒಪ್ಪಿಗೆ ಬರಹದಲ್ಲಿರಲಿ.

ಹಳೆಯದರ ಮೇಲೆಯೇ ಹೊಸದನ್ನು ಹಾಕಿದರೆ ಸಾಲದೇ ಎಂದು ಹೊಸಬರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಸಾಲದು. ಗಟ್ಟಿಯಾದ ಸಿಲಿಕೋನಿನ ಮೇಲೆ ಹೊಸ ಸಿಲಿಕೋನ್ ಕೂಡ ಸರಿಯಾಗಿ ಹಿಡಿಯುವುದಿಲ್ಲ. ಬೇಗನೇ ಸುಲಿದು ಬರುತ್ತದೆ. ಈ ಕೆಲಸದಲ್ಲಿ ಹೊಸ ಪಟ್ಟಿ ಎಳೆಯುವುದಕ್ಕೆ ಹಿಡಿಯುವುದು ಕೆಲವು ನಿಮಿಷ ಮಾತ್ರ. ಉಳಿದ ಶ್ರಮವೆಲ್ಲ ಹಳೆಯದನ್ನು ತೆಗೆಯುವುದರಲ್ಲಿ, ಒಣಗಿಸುವುದರಲ್ಲಿ. ಅಲ್ಲಿ ಅವಸರ ಮಾಡಿದವರ ಪಟ್ಟಿ ನಿಲ್ಲುವುದಿಲ್ಲ.

ಪಟ್ಟಿಯ ಮೇಲಂಚು, ಕೆಳಂಚುಗಳನ್ನು ಕತ್ತರಿಸಿ, ಒಂದು ತುದಿ ಹಿಡಿದು ನಿಧಾನವಾಗಿ ಎಳೆಯಿರಿ, ಉದ್ದುದ್ದ ಬರುತ್ತದೆ. ಟಬ್ ಅಕ್ರಿಲಿಕ್‌ನದಾದರೆ ಉಕ್ಕಿನ ಬ್ಲೇಡ್ ಅದರ ಹತ್ತಿರ ಸುಳಿಯಬಾರದು, ಗೀರು ಬಿದ್ದರೆ ಸುಲಭವಾಗಿ ಹೋಗುವುದಿಲ್ಲ. ಪ್ಲಾಸ್ಟಿಕ್ ಸ್ಕ್ರೇಪರ್ ಬಳಸಿ. ಉಳಿದ ತೆಳು ಪದರಕ್ಕೆ ಸಿಲಿಕೋನ್ ಕರಗಿಸುವ ಜೆಲ್ ಸಿಗುತ್ತದೆ; ಅದು ನಿಮ್ಮ ಟಬ್ಬಿಗೆ ಹೊಂದುತ್ತದೆಯೇ ಎಂದು ಡಬ್ಬಿಯ ಮೇಲೆ ಓದಿಕೊಳ್ಳಿ. ಎಲ್ಲ ಹೋಯಿತು ಎನಿಸಿದಾಗ ಬೆರಳಾಡಿಸಿ ನೋಡಿ. ಕಣ್ಣಿಗೆ ಕಾಣದ ಪೊರೆ ಬೆರಳಿಗೆ ರಬ್ಬರಿನಂತೆ ತಡೆಯುತ್ತದೆ.

ಸಂದಿನೊಳಗೆ ಬೂಷ್ಟು ಇದ್ದರೆ ಕೈಗವಸು ಹಾಕಿಕೊಂಡು, ಕಿಟಕಿ ತೆರೆದು, ಬ್ಲೀಚ್ ಹಚ್ಚಿ ತೊಳೆಯಿರಿ. ಬ್ಲೀಚನ್ನು ವಿನೆಗರ್, ಸ್ಪಿರಿಟ್ ಅಥವಾ ಬೇರಾವ ಕ್ಲೀನರ್ ಜೊತೆಗೂ ಸೇರಿಸಬೇಡಿ, ವಿಷಾನಿಲ ಏಳುತ್ತದೆ. ಚೆನ್ನಾಗಿ ತೊಳೆದ ಮೇಲೆ ಒಂದು ರಾತ್ರಿಯಾದರೂ ಒಣಗಲು ಬಿಡಿ. ಮರುದಿನ ಐಸೊಪ್ರೊಪೈಲ್ ಆಲ್ಕೊಹಾಲ್ (ಒರೆಸುವ ಸ್ಪಿರಿಟ್) ತಾಗಿಸಿದ ಬಟ್ಟೆಯಿಂದ ಒಮ್ಮೆ ಒರೆಸಿದರೆ ಸೋಪಿನ ಜಿಡ್ಡೂ ಹೋಗುತ್ತದೆ.

ಇನ್ನು ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ: ಟಬ್ಬಿಗೆ ನೀರು ತುಂಬಿಸಿ. 150 ಲೀಟರ್ ನೀರೆಂದರೆ 150 ಕಿಲೊ ಭಾರ. ಆ ಭಾರಕ್ಕೆ ಟಬ್ ಸ್ವಲ್ಪ ಕೆಳಗಿಳಿದು ಸಂದು ಅಗಲವಾಗುತ್ತದೆ. ಖಾಲಿ ಟಬ್ಬಿಗೆ ಸಿಲಿಕೋನ್ ಹಾಕಿದರೆ, ಪ್ರತಿ ಸ್ನಾನಕ್ಕೂ ಪಟ್ಟಿ ಎಳೆದಾಡಿ ಕೊನೆಗೆ ಬಿಟ್ಟುಕೊಳ್ಳುತ್ತದೆ. ಸಂದು ಅಗಲವಾಗಿರುವಾಗಲೇ ಹಾಕಿದರೆ, ನೀರು ಖಾಲಿ ಮಾಡಿದಾಗ ಅದು ಕೊಂಚ ಅಮುಕಿಕೊಳ್ಳುತ್ತದೆ ಅಷ್ಟೇ. ಅಮುಕನ್ನು ಸಿಲಿಕೋನ್ ಸಹಿಸುತ್ತದೆ. ಟಬ್ಬಿನೊಳಗೆ ಇಳಿದು ಮಾಡಬೇಕಾದ್ದನ್ನೆಲ್ಲ ಮೊದಲೇ ಮುಗಿಸಿಕೊಳ್ಳಿ, ಸಂದಿಗೆ ನೀರು ಸಿಡಿಯದಂತೆ ತುಂಬಿಸಿ.

ಟ್ಯೂಬ್ ಕೊಳ್ಳುವಾಗ ಸ್ನಾನದ ಕೋಣೆಗೆಂದೇ ಇರುವ, ಬೂಷ್ಟು ತಡೆಯುವ ಸ್ಯಾನಿಟರಿ ಸಿಲಿಕೋನ್ ಕೇಳಿ. ವಿನೆಗರ್ ವಾಸನೆಯ ಬಗೆ ಗಾಜು, ಸೆರಾಮಿಕ್‌ಗೆ ಸರಿ. ಅಮೃತಶಿಲೆಯನ್ನು ಅದರ ಆಮ್ಲ ಕೆಡಿಸುತ್ತದೆ. ಅಂಥ ಕಲ್ಲಿಗೂ ಅಕ್ರಿಲಿಕ್ ಟಬ್ಬಿಗೂ ಆ ಆಮ್ಲವಿಲ್ಲದ ನ್ಯೂಟ್ರಲ್ ಬಗೆಯೇ ಒಳ್ಳೆಯದು. ಟ್ಯೂಬಿನ ಮೇಲಿನ ಕೊನೆಯ ದಿನಾಂಕ ನೋಡಿಕೊಳ್ಳಿ, ಅವಧಿ ಮೀರಿದ ಸಿಲಿಕೋನ್ ಅಂಟಂಟಾಗಿಯೇ ಉಳಿಯಬಹುದು.

ಸಂದಿನ ಮೇಲೆ ಕೆಳಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಟ್ಯೂಬಿನ ನಳಿಕೆಯ ತುದಿಯನ್ನು 45 ಡಿಗ್ರಿ ಓರೆಯಾಗಿ, ಸಂದಿನಷ್ಟೇ ಅಗಲಕ್ಕೆ ಕತ್ತರಿಸಿ. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ನಿಲ್ಲಿಸದೆ ಒಂದೇ ಎಳೆ ಎಳೆಯಿರಿ. ಕೈ ಸಾಗುವ ವೇಗವೂ ಗನ್ (ಟ್ಯೂಬ್ ಕೂರಿಸಿ ಸಿಲಿಕೋನ್ ಹೊರಹಾಕುವ ಸಾಧನ) ಒತ್ತುವ ಬಲವೂ ಒಂದೇ ಸಮ ಇರಲಿ. ಒಂದು ಬದಿ ಮುಗಿದೊಡನೆ ಸೋಪು ನೀರಲ್ಲಿ ಅದ್ದಿದ ಬೆರಳನ್ನು ಒಂದೇ ಬಾರಿ ಹಾಯಿಸಿ. ಮತ್ತೆ ಮತ್ತೆ ಸವರುವ ಆಸೆಯಾಗುತ್ತದೆ, ತಡೆದುಕೊಳ್ಳಿ. ಕೆಲವೇ ನಿಮಿಷಗಳಲ್ಲಿ ಮೇಲೆ ಪೊರೆ ಕಟ್ಟುತ್ತದೆ, ಆಮೇಲೆ ಮುಟ್ಟಿದರೆ ಹರಿಯುತ್ತದೆ. ಟೇಪನ್ನೂ ಹಸಿಯಿರುವಾಗಲೇ ಓರೆಯಾಗಿ ಎಳೆದು ತೆಗೆಯಿರಿ.

ಸಿಲಿಕೋನ್ ಗಟ್ಟಿಯಾಗುವುದು ಗಾಳಿಯ ತೇವದಿಂದ, ಮೇಲಿನಿಂದ ಒಳಕ್ಕೆ, ದಿನಕ್ಕೆ ಸುಮಾರು 2-3 ಮಿಲಿಮೀಟರ್. ಆದ್ದರಿಂದ ಕನಿಷ್ಠ 24 ಗಂಟೆ ಷವರ್ ಬೇಡ, ಟಬ್ಬಿನಲ್ಲಿ ತುಂಬಿದ ನೀರನ್ನೂ ಖಾಲಿ ಮಾಡಬೇಡಿ. ಪಟ್ಟಿ ದಪ್ಪವಿದ್ದರೆ ಇನ್ನೊಂದು ದಿನ ಕಾಯಿರಿ. ಇಷ್ಟೆಲ್ಲ ಸರಿಯಾಗಿ ಮಾಡಿಯೂ ಕೆಲವು ತಿಂಗಳಲ್ಲಿ ಅದೇ ಜಾಗ ಬಿಟ್ಟುಕೊಂಡರೆ ಮತ್ತೆ ಸಿಲಿಕೋನ್ ಹಾಕುತ್ತ ಕೂರಬೇಡಿ. ಟಬ್ಬಿನ ಕಾಲುಗಳು ಅಲುಗಾಡುತ್ತಿರಬಹುದು. ಪಕ್ಕದ ಹಲಗೆ ತೆಗೆಸಿ ಅವನ್ನು ನೋಡಿಸಿ.