ಸಂಪು ಒಡೆಯದೆ ಪಿಜಿಗೆ ಲೈಸೆನ್ಸ್ ತಗೊಂಡಿದ್ದು: ನನ್ನ ಅನುಭವ

ದಾವಣಗೆರೆ ವಿದ್ಯಾನಗರದಲ್ಲಿ ನಮ್ಮದು ಹನ್ನೊಂದು ರೂಮಿನ ಪಿಜಿ. ಹುಡುಗರು ಮೂವತ್ತರ ಹತ್ತಿರ. ಖಾತಾ, ಕಂದಾಯದ ರಸೀದಿ, ಮೆಸ್ಸಿಗೆ ವರ್ಷಕ್ಕೆ 100 ರೂಪಾಯಿಯ ಎಫ್‌ಎಸ್‌ಎಸ್‌ಎಐ ನೋಂದಣಿ, ಇದೆಲ್ಲ ನಿಮಗೆ ಗೊತ್ತಿರುವುದೇ. ನನ್ನ ಫೈಲು ನಿಂತಿದ್ದು ನೀರಿನ ಹತ್ತಿರ. ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಇದ್ದರೆ ಕಪ್ಪಾಗುವ ಎಚ್‌ಟುಎಸ್ ಬಾಟ್ಲಿಗೆ ಹೆಲ್ತ್ ಇನ್‌ಸ್ಪೆಕ್ಟರ್ ಸಂಪಿನ ನೀರು ತುಂಬಿಸಿಟ್ಟರು, ಮಾರನೇ ದಿನಕ್ಕೆ ಅದು ಕಪ್ಪಾಯಿತು. ಅಂದರೆ ಸಂಪಿಗೆ ಕಕ್ಕಸಿನ ನೀರು ಸೇರುತ್ತಿರಬೇಕು. "ಇದು ಸರಿಯಾಗೋವರೆಗೂ ಸಹಿ ಹಾಕಲ್ಲ ರೀ" ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮೇಸ್ತ್ರಿ ಬಂದು ನೋಡಿದ. "ಅಣ್ಣಾ, ಕಕ್ಕಸಿನ ಛೇಂಬರ್ ಪಕ್ಕದಲ್ಲೇ ಸಂಪು ಐತಿ. ಒಡೆದು ಬೇರೆ ಕಡೆ ಕಟ್ರಿ." ಒಂದೂಕಾಲು ಲಕ್ಷದ ಲೆಕ್ಕ ಕೊಟ್ಟ. ಪಕ್ಕದ ಪಿಜಿಯವರು ಸುಮ್ನೆ ಬ್ಲೀಚಿಂಗ್ ಪೌಡರ್ ಹಾಕಿ ಅಂದರು. ಹಾಕಿದೆ. ಸಾವಿರ ಲೀಟರಿಗೆ 2.5 ಗ್ರಾಂ, ನಮ್ಮ ಹತ್ತು ಸಾವಿರ ಲೀಟರ್ ಸಂಪಿಗೆ 25 ಗ್ರಾಂ. ಎರಡು ದಿನ ಚೆನ್ನಾಗಿತ್ತು, ಮೂರನೇ ದಿನ ಬಾಟ್ಲಿ ಮತ್ತೆ ಕಪ್ಪು. ದುಪ್ಪಟ್ಟು ಹಾಕಿದೆ. ಅನ್ನವೇ ವಾಸನೆ ಹೊಡೆಯಿತು, ಹುಡುಗರು ತಟ್ಟೆ ಬಿಟ್ಟೆದ್ದರು.

ನೀರು ಎಲ್ಲಿಂದ ಬರುತ್ತಿದೆ ಅಂತ ತಿಳಿಯದೆ ಖರ್ಚು ಮಾಡಬಾರದು ಅನ್ನಿಸಿತು. ನಮ್ಮೂರಿನ ಹೋಳಿ ನಿಮಗೆ ಗೊತ್ತಲ್ಲ, ಮನೆಯಲ್ಲಿ ಉಳಿದ ಗುಲಾಬಿ ಬಣ್ಣ ಇತ್ತು. ಅದನ್ನು ಛೇಂಬರಿಗೆ ಸುರಿದೆ. ಸಂಪಿನಲ್ಲಿ ಬಣ್ಣದ ಸುಳಿವೇ ಇಲ್ಲ. ಬಣ್ಣ ಮಣ್ಣಿನಲ್ಲೇ ಅಂಟಿ ಉಳಿಯುತ್ತದೆ. ಮೇಸ್ತ್ರಿ ನಕ್ಕ. ಉಪ್ಪು ಹಾಗೆ ಅಂಟುವುದಿಲ್ಲ, ನೀರಿನ ಜೊತೆಗೇ ಹೋಗುತ್ತದೆ. ನೀರಿನಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಟಿಡಿಎಸ್ ಮೀಟರ್ ಮುನ್ನೂರು ರೂಪಾಯಿಗೆ ತಂದೆ, ಛೇಂಬರಿಗೆ ಐದು ಕೆಜಿ ಕಲ್ಲುಪ್ಪು ಸುರಿದೆ. ಮೀಟರ್ ಅಲ್ಲಾಡಲಿಲ್ಲ. ಎರಡನೇ ಸಲವೂ ಅಷ್ಟೇ. ಈಗ ಹೆಂಡತಿಯೂ ನಕ್ಕಳು.

ಅರ್ಥವಾಗಿದ್ದು ಆಮೇಲೆ. ಎರಡೂ ಸಲ ಸಂಪು ತುಂಬಿತ್ತು. ತುಂಬಿದಾಗ ಒಳಗಿನ ನೀರು ಹೊರಗೆ ಒತ್ತುತ್ತದೆ, ಖಾಲಿಯಾದಾಗ ಹೊರಗಿನದು ಒಳಗೆ ಜಿನುಗುತ್ತದೆ. ನಮ್ಮಲ್ಲಿ ನಲ್ಲಿ ನೀರು ದಿನಾ ಬರಲ್ಲ. ನೀರು ಬಿಡುವ ಹಿಂದಿನ ದಿನ ಸಂಪು ತಳ ಕಾಣುತ್ತದೆ, ಕೊಳಕು ಸೇರುವುದು ಆಗಲೇ!

ಸಂಪಿನಲ್ಲಿ ಒಂದಡಿ ನೀರು ಉಳಿಯುವವರೆಗೆ ಕಾದೆ. ಛೇಂಬರಿನಿಂದ ನೀರು ಹೊರಹೋಗುವ ಬಾಯಿಗೆ ಗೋಣಿಚೀಲ ತುರುಕಿ ಮೂರು ಗಂಟೆ ಉಪ್ಪುನೀರು ನಿಲ್ಲಿಸಿದೆ. ಅಷ್ಟು ಹೊತ್ತು ಯಾರೂ ಕಕ್ಕಸಿಗೆ ಹೋಗುವಂತಿಲ್ಲ, ಎಲ್ಲರಿಗೂ ನನ್ನ ದುಡ್ಡಲ್ಲಿ ಬೆಣ್ಣೆ ದೋಸೆ. ಆ ಬಿಲ್ಲೇ ಜಾಸ್ತಿ ಆಯಿತು. ರಾತ್ರಿ ಮೀಟರ್ ನೂರೆಂಬತ್ತರಿಂದ ಇನ್ನೂರೈವತ್ತು ದಾಟಿತ್ತು.

ಒಡೆದಿದ್ದು ಹಳೇ ಮಣ್ಣಿನ ಪೈಪಿನ ಒಂದು ಜಾಯಿಂಟು. ಬಾದಾಮಿ ಮರದ ಬೇರು ನುಗ್ಗಿತ್ತು. ಅಂಗಳ ಪೂರ್ತಿ ಅಗೆಯದೆ ಆ ಜಾಗ ಹೇಗೆ ಹಿಡಿದೆ ಅನ್ನೋದನ್ನು ಮಾತ್ರ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಈಗ ಅದಕ್ಕೇ ಇಬ್ಬರು ಕರೆದಿದ್ದಾರೆ. ಹದಿನೈದು ಅಡಿ ಪಿವಿಸಿ, ಸಂಪಿನ ಒಳಗೋಡೆಗೆ ಹೊಸ ಗಾರೆ, ಕೂಲಿ, ಎಲ್ಲ ಸೇರಿ ಹತ್ತೊಂಬತ್ತೋ ಇಪ್ಪತ್ತೋ ಸಾವಿರ.

ನಡುವೆ ಒಂದು ಹುಚ್ಚಾಟ. 2024ರಲ್ಲಿ ಡೆಂಗಿ ಜೋರಾಗಿ, ಸೊಳ್ಳೆ ಮರಿ ಸಿಕ್ಕರೆ ದಂಡ ಅಂತ ಸರ್ಕಾರ ನಿಯಮ ತಂದಿತಲ್ಲ, ನಗರದ ಮನೆಗೆ 400, ವಾಣಿಜ್ಯ ಕಟ್ಟಡಕ್ಕೆ 1000. ಆ ಭಯಕ್ಕೆ ಸಂಪಿಗೆ ಗಪ್ಪಿ ಮೀನು ಬಿಟ್ಟೆ. ಒಂದು ಮೋಟಾರ್ ಹತ್ತಿ ಮೂರನೇ ಮಹಡಿಯ ಬಕೆಟ್ಟಿಗೆ ಬಂತು. "ಅಂಕಲ್, ಇವತ್ತು ನಾನ್‌ವೆಜ್ಜಾ?" ಅಂದ ಆ ಹುಡುಗ. ಉಳಿದವು ಬ್ಲೀಚಿಂಗಿಗೆ ಸತ್ತವು. ಕ್ಲೋರಿನ್ನೂ ಮೀನೂ ಒಂದೇ ತೊಟ್ಟಿಯಲ್ಲಿ ಬದುಕಲ್ಲ. ಈಗ ಮುಚ್ಚಳಕ್ಕೆ ರಬ್ಬರು, ಗಾಳಿ ಪೈಪಿಗೆ ಸೊಳ್ಳೆ ಜಾಲರಿ, ಅಷ್ಟೇ.

ಮರುಪರೀಕ್ಷೆಗೆ ನೀರು ಬಿಡುವ ಹಿಂದಿನ ದಿನವೇ ಬನ್ನಿ ಅಂತ ನಾನೇ ಕರೆದೆ. ಇನ್‌ಸ್ಪೆಕ್ಟರ್ ಹುಬ್ಬೇರಿಸಿದರು. 48 ಗಂಟೆ ಇಟ್ಟರೂ ಬಾಟ್ಲಿಯ ಬಣ್ಣ ಬದಲಾಗಲಿಲ್ಲ. ಸಹಿ ಬಿತ್ತು. ಮೊನ್ನೆ ಮೇಸ್ತ್ರಿ ಬಂದು, "ಅಣ್ಣಾ, ಆ ಮೀಟರ್ ಎರಡು ದಿನ ಕೊಡ್ರಿ" ಅಂದ. ಇನ್ನೂ ಕೊಟ್ಟಿಲ್ಲ.