ಕೇಸ್ ಫ್ಯಾನ್ ಸದಾ ಕೂಗ್ತಿದ್ರೆ ಮೊದ್ಲು ಪಿನ್ ಎಣಿಸಿ

ಸಿಸ್ಟಮ್ ಅಸೆಂಬಲ್ ಮಾಡಿದ್ಮೇಲೆ ಕೇಸ್ ಫ್ಯಾನ್ ಯಾವಾಗ್ಲೂ ಫುಲ್ ಸ್ಪೀಡಲ್ಲೇ ಓಡುತ್ತೆ ಅನ್ನೋರು ಹೊಸ ಫ್ಯಾನ್ ತಗೊಳೋ ಮುಂಚೆ ಕನೆಕ್ಟರ್ ಒಂದ್ಸಲ ನೋಡಿ. 4 ಪಿನ್ ಇದ್ರೆ ಪಿಡಬ್ಲ್ಯೂಎಂ ಫ್ಯಾನ್, ಅಂದ್ರೆ 12 ವೋಲ್ಟ್ ಹಾಗೇ ಇರುತ್ತೆ, ನಾಲ್ಕನೇ ವೈರಲ್ಲಿ ಬರೋ ಸಿಗ್ನಲ್ ನೋಡ್ಕೊಂಡು ಸ್ಪೀಡ್ ಬದಲಾಗುತ್ತೆ. 3 ಪಿನ್ ಇದ್ರೆ ವೋಲ್ಟೇಜ್ ಇಳಿಸಿದ್ರೆ ಮಾತ್ರ ನಿಧಾನ ಆಗೋದು. 3 ಪಿನ್ ಫ್ಯಾನ್‌ನ ಮದರ್‌ಬೋರ್ಡ್ ಮೇಲಿನ 4 ಪಿನ್ ಹೆಡರ್‌ಗೆ (ಫ್ಯಾನ್ ಕನೆಕ್ಟರ್ ಕೂರೋ ಜಾಗ) ಚುಚ್ಚಬಹುದು, ತೊಂದ್ರೆ ಏನಿಲ್ಲ, ಆದ್ರೆ ಬಯಾಸಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯೋ ಮದರ್‌ಬೋರ್ಡ್ ಸೆಟ್ಟಿಂಗ್ಸ್) ಆ ಹೆಡರ್ ಪಿಡಬ್ಲ್ಯೂಎಂ ಮೋಡಲ್ಲೇ ಉಳಿದಿದ್ರೆ ಪೂರ್ತಿ 12 ವೋಲ್ಟ್ ಹೋಗ್ತಾನೇ ಇರುತ್ತೆ, ನೀವು ಫ್ಯಾನ್ ಕರ್ವ್ (ಯಾವ ಟೆಂಪರೇಚರ್‌ಗೆ ಎಷ್ಟು ಸ್ಪೀಡ್ ಅನ್ನೋ ಗ್ರಾಫ್) ಎಷ್ಟು ಎಳೆದಾಡಿದ್ರೂ ಅದು ಕ್ಯಾರೇ ಅನ್ನಲ್ಲ. ವೋಲ್ಟೇಜ್ ಇಳಿಸೋ ಡಿಸಿ ಮೋಡ್‌ಗೆ ಹಾಕಿ, ಆಮೇಲೆ ಕರ್ವ್ ಮುಟ್ಟಿ.

ಬ್ರೌಸರ್ ಓಪನ್ ಮಾಡಿದ ತಕ್ಷಣ ಫ್ಯಾನ್ ಗುಂಯ್ ಅಂತ ಏರಿ ಮತ್ತೆ ಇಳಿಯೋದು ಇದೆಯಲ್ಲ, ನನಗಂತೂ ಅದೇ ದೊಡ್ಡ ತಲೆನೋವು. ಸಿಪಿಯು ಟೆಂಪರೇಚರ್ ಕ್ಷಣದಲ್ಲಿ ಹಾರುತ್ತೆ, ಕೇಸ್ ಒಳಗಿನ ಗಾಳಿ ಅಷ್ಟು ಬೇಗ ಬಿಸಿ ಆಗಲ್ಲ, ಹಾಗಾಗಿ ಕೇಸ್ ಫ್ಯಾನ್ ಅದರ ಹಿಂದೆ ಓಡೋ ಅಗತ್ಯನೇ ಇಲ್ಲ. ಬಯಾಸಲ್ಲಿ ಸ್ಟೆಪ್ ಅಪ್ ಟೈಮ್ (ಸ್ಪೀಡ್ ಏರೋಕೆ ತಗೊಳೋ ಸಮಯ) ಅಂತ ಇದ್ರೆ ಕೆಲವು ಸೆಕೆಂಡ್ ಜಾಸ್ತಿ ಮಾಡಿ, ಇಲ್ಲಾಂದ್ರೆ ಫ್ಯಾನ್ ನೋಡೋ ಟೆಂಪರೇಚರ್ ಸೋರ್ಸ್‌ನ ಮದರ್‌ಬೋರ್ಡ್ ಸೆನ್ಸರ್‌ಗೆ ಬದಲಾಯಿಸಿ.

ಗೇಮ್ ಆಡೋರಿಗೆ ಇದು ಸಾಲಲ್ಲ, ಅಲ್ಲಿ ಜಾಸ್ತಿ ಬಿಸಿ ಕಾರೋದು ಗ್ರಾಫಿಕ್ಸ್ ಕಾರ್ಡ್, ಅದರ ಟೆಂಪರೇಚರ್ ಬಹಳಷ್ಟು ಬೋರ್ಡ್‌ಗಳ ಬಯಾಸ್‌ಗೆ ಕಾಣಲ್ಲ. ವಿಂಡೋಸಲ್ಲಿ ಫ್ಯಾನ್‌ಕಂಟ್ರೋಲ್ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕಿ ಸಿಪಿಯು, ಗ್ರಾಫಿಕ್ಸ್ ಕಾರ್ಡ್ ಎರಡರ ಸೆನ್ಸರ್‌ಗಳಲ್ಲಿ ಯಾವುದು ಜಾಸ್ತಿ ಸ್ಪೀಡ್ ಕೇಳುತ್ತೋ ಅದನ್ನ ಫಾಲೋ ಮಾಡೋ ಹಾಗೆ ಸೆಟ್ ಮಾಡ್ಕೊಳ್ಳಿ.

ಹಾಂ, ಸ್ಪ್ಲಿಟರ್ (ಒಂದೇ ಹೆಡರ್‌ಗೆ ಹಲವು ಫ್ಯಾನ್ ಜೋಡಿಸೋ ಕೇಬಲ್) ಹಾಕೋರು ಹೆಡರ್ ಎಷ್ಟು ಆಂಪ್ ತಡ್ಕೊಳ್ಳುತ್ತೆ ಅಂತ ಮ್ಯಾನುಯಲ್ ನೋಡಿ, ಸಾಮಾನ್ಯವಾಗಿ 1 ಆಂಪ್.