ಬೆಳೀತಿರೋ ಸಿಟಿ ಮಧ್ಯದಲ್ಲಿ ಬಾಡಿಗೆ ಮನೆ ನೋಡೋದು ಹೇಗೆ

ಸಿಟಿ ಸೆಂಟರಲ್ಲಿ ಮನೆ ಮಾಡ್ಬೇಕು ಅಂತಿದ್ರೆ ಒಂದೇ ಸಲ ನೋಡಿ ಅಡ್ವಾನ್ಸ್ ಕೊಡ್ಬೇಡಿ, ಭಾನುವಾರ ಮಧ್ಯಾಹ್ನ ತಣ್ಣಗಿರೋ ರೋಡು ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಬೇರೆನೇ ಆಗಿರುತ್ತೆ, ಆಗ ಇನ್ನೊಂದ್ಸಲ ಹೋಗಿ. ಬೆಡ್‌ರೂಮ್ ಕಿಟಕಿ ಮುಚ್ಚಿ ಎರಡು ನಿಮಿಷ ಸುಮ್ನೆ ನಿಂತ್ಕೊಂಡು ಕೇಳಿ. ಒಳ್ಳೆ ನಿದ್ದೆಗೆ ರೂಮಲ್ಲಿ ಸದ್ದು 30 ಡೆಸಿಬಲ್ ಒಳಗಿರ್ಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ, ಸದ್ದು ಅಳೆಯೋ ಫೋನ್ ಆ್ಯಪಲ್ಲಿ ಒಂದು ಅಂದಾಜು ಸಿಗುತ್ತೆ.

ಆಮೇಲೆ ಕಿಟಕಿ ಆಚೆ ನೋಡಿ, ಇದು ತುಂಬಾ ಮುಖ್ಯ. ಪಕ್ಕದಲ್ಲಿ ಖಾಲಿ ಸೈಟೋ ಪಾರ್ಕಿಂಗ್ ಜಾಗನೋ ಹಳೇ ಒಂದಂತಸ್ತಿನ ಕಟ್ಟಡನೋ ಇದ್ರೆ ಅಲ್ಲಿ ಇವತ್ತಲ್ಲ ನಾಳೆ ದೊಡ್ಡದು ಏಳುತ್ತೆ ಅಂದ್ಕೊಳ್ಳಿ, ಎಷ್ಟು ಎತ್ತರ ಕಟ್ಟಬಹುದು ಅನ್ನೋದು ಊರಿನ ಝೋನಿಂಗ್ ಮ್ಯಾಪಲ್ಲಿ (ಯಾವ ಜಾಗದಲ್ಲಿ ಏನು ಕಟ್ಟಬಹುದು ಅಂತ ತೋರಿಸೋ ನಕ್ಷೆ) ಇಲ್ಲಾ ಅದರ ನಿಯಮಗಳಲ್ಲಿ ಸಾಮಾನ್ಯವಾಗಿ ಇರುತ್ತೆ. ಪಾಯ ಹಾಕೋವಾಗ್ಲೇ ಸದ್ದು ಜಾಸ್ತಿ, ಹತ್ರದಲ್ಲಿ ಕೆಲಸ ನಡೀತಿದ್ರೆ ಕಿಟಕಿ ಪಟ್ಟಿ ಮೇಲೆ ಬೆರಳಾಡಿಸಿ, ಬೂದು ಬಣ್ಣದ ನುಣ್ಣನೆ ಧೂಳು ಅಂಟುತ್ತೆ.

ಕಾರ್ ಇದ್ರೆ ಪಾರ್ಕಿಂಗ್ ಅಗ್ರಿಮೆಂಟಲ್ಲೇ ಬರೆಸ್ಕೊಳ್ಳಿ. ಕೊನೇದಾಗಿ ಕತ್ತಲಾದ್ಮೇಲೆ ಬಸ್‌ಸ್ಟಾಪಿಂದ ಮನೆವರೆಗೂ ನಡೆದು ನೋಡಿ, ಕೆಳಗಡೆ ಅಂಗಡಿಗಳು ತೆಗೆದಿದ್ರೆ ಬೆಳಕೂ ಇರುತ್ತೆ ಜನಾನೂ ಇರ್ತಾರೆ, ಬರೀ ಆಫೀಸ್ ಗೋಡೆಗಳಿರೋ ಬೀದಿ ಏಳರ ಮೇಲೆ ಬಿಕೋ ಅನ್ನುತ್ತೆ, ಅಂಥ ಕಡೆ ನಾನಂತೂ ಮನೆ ಮಾಡಲ್ಲ.